ಪುಟ್ಟ ಕ್ಲಾರಿನೆಟ್ಟಿಗೆ ಒಪ್ಪುವ ರೀಡು

ಬೇಸಿಗೆಯ ಮದುವೆಗೆಂದು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬ್ಯಾಂಡಿನವನು ವಾದ್ಯವನ್ನು ಎಷ್ಟೇ ಬೆಳಗಿರಲಿ, ಬಾಯಿಗೆ ತಾಗುವ ಜೊಂಡಿನ ತೆಳುಪಟ್ಟಿ ಸರಿಯಿಲ್ಲದಿದ್ದರೆ ಮೆರವಣಿಗೆಯ ನಡುವೆಯೇ ಮಾನ ಹೋದೀತು. ಮುಂದಿನ ಮದುವೆಯ ಕರೆಯೂ ತಪ್ಪೀತು. ಪುಟ್ಟ ಇ-ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಂತೂ ಈ ಭಯ ಹೆಚ್ಚು. ಅದರ ಶ್ರುತಿ ಸಾಮಾನ್ಯ ಬಿ-ಫ್ಲ್ಯಾಟ್ ವಾದ್ಯಕ್ಕಿಂತ ಷಡ್ಜದಿಂದ ಮಧ್ಯಮದಷ್ಟು ಮೇಲೆ; ರೀಡೂ ಗಿಡ್ಡ, ಕಿರಿದು.

ರೀಡಿನ ಮೇಲಣ 2, 2½, 3 ಎಂಬ ಅಂಕಗಳು ಗಡಸುತನದ ಗುರುತು. ಒಂದು ಕಂಪನಿಯ 2½ ಮತ್ತೊಂದರ 3ಕ್ಕೆ ಸಮನಾಗಿರಲೂಬಹುದು. ಅಂಕವನ್ನೇ ನಂಬಿ ಕೊಳ್ಳಬಾರದು. ತೀರ ಮೆತ್ತನೆಯದು ಬೇಗ ನುಡಿಯುತ್ತದೆ, ಆದರೆ ತಾರಸ್ಥಾಯಿಯಲ್ಲಿ ಶ್ರುತಿ ಇಳಿಯುತ್ತದೆ. ಗಡಸಾದುದು ಎರಡನೆಯ ಓಣಿ ಮುಟ್ಟುವಷ್ಟರಲ್ಲಿ ತುಟಿಯನ್ನು ಸೋಲಿಸುತ್ತದೆ. ನಡೆಯುತ್ತ ನುಡಿಸುವವನಿಗೆ ನಡುವಿನದೇ ಲೇಸು.

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಆಯುವಷ್ಟೇ ಎಚ್ಚರ ಇಲ್ಲಿಯೂ ಬೇಕು. ಬೆಳಕಿಗೆ ಹಿಡಿದಾಗ ನಡುವಿನ ನೆರಳು ಎರಡೂ ಮಗ್ಗುಲಿಗೆ ಸಮನಾಗಿ ಇಳಿದಿರಬೇಕು, ನಾರು ನೇರವಾಗಿರಬೇಕು. ಹೊಂಬಣ್ಣದ್ದು ಉತ್ತಮ, ಹಸಿರು ಛಾಯೆಯದು ಬೇಡ. ದೊಡ್ಡ ವಾದ್ಯದ ರೀಡನ್ನೇ ಬುಡದಲ್ಲಿ ಕತ್ತರಿಸಿ ಕೂಡಿಸುವವರೂ ಉಂಟು. ತುದಿಗೆ ಮಾತ್ರ ಕತ್ತರಿ ತಾಗಬಾರದು.

40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿನಲ್ಲಿ ಒಣಗಿದ ರೀಡಿನ ತುದಿ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಮೂರು ನಾಲ್ಕನ್ನು ಸರದಿಯಂತೆ ಬಳಸಿ, ನುಡಿಸಿದ ಮೇಲೆ ಒರೆಸಿ, ಸಪಾಟಾದ ಗಾಜಿನ ಮೇಲಿಟ್ಟರೆ ಅವು ಲಗ್ನಗಳ ಕಾಲ ಮುಗಿಯುವವರೆಗೂ ಬಾಳಿಯಾವು.