ಕಾಣುವ ಪುಟ, ಕಾಣದ ಎಂಜಿನ್ನು

ವಿದ್ಯಾಸಂಸ್ಥೆಯೊಂದರ ಆಸ್ತಿಯನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ಕಟ್ಟಡ, ಆಟದ ಬಯಲು, ಪ್ರಯೋಗಾಲಯ, ಗ್ರಂಥಭಂಡಾರಗಳನ್ನು ಹೇಳುತ್ತೇವೆ. ಕಚೇರಿಯ ಬೀರುವಿನಲ್ಲಿರುವ ದಾಖಲಾತಿ ವಹಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ನಲವತ್ತು ವರ್ಷಗಳ ತರುವಾಯ ಹಳೆಯ ವಿದ್ಯಾರ್ಥಿಯೊಬ್ಬನು ಜನ್ಮದಿನಾಂಕದ ಪ್ರಮಾಣಕ್ಕಾಗಿ ಬಂದು ನಿಂತಾಗ ಅವನಿಗೆ ಬೇಕಾಗುವುದು ಆ ವಹಿಯ ಒಂದೇ ಒಂದು ಸಾಲು. ಹೆಸರಿನ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಕಳೆದುಹೋದ ವರ್ಗಾವಣೆ ಪತ್ರದ ಪ್ರತಿ ಮೊದಲಾದ ಎಷ್ಟೋ ಸಂಗತಿಗಳು ಆ ಸಾಲನ್ನೇ ಆಶ್ರಯಿಸಿವೆ. ಬಡವನ ಮಗನಿಗಂತೂ ಆ ಸಾಲೇ ಆಸ್ತಿ. ಆದುದರಿಂದ ಅದನ್ನು ಕಾಯುವುದು ಪಾಠ ಹೇಳುವುದಕ್ಕಿಂತ ಕಿರಿದಾದ ಕಾರ್ಯವಲ್ಲ.

ಇಂದು ಇಂತಹ ವಹಿಗಳೆಲ್ಲವೂ ಗಣಕಕ್ಕೆ ಏರುತ್ತಿವೆ. ಇದು ಸ್ವಾಗತಾರ್ಹವೇ ಸರಿ. ಆದರೆ ಏರಿಸುವವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ದಾಖಲೆಯು ಯಾವ ತಂತ್ರಾಂಶದಲ್ಲಿದೆ? ಆ ತಂತ್ರಾಂಶದ ಹಿಂದೆ ನಿಂತು ಅದನ್ನು ಹಿಡಿದಿಟ್ಟಿರುವ ಎಂಜಿನ್ನು ಯಾವುದು? ಮೊದಲನೆಯದಕ್ಕೆ ಉತ್ತರ ಬಲ್ಲವರು ಅನೇಕರು. ಎರಡನೆಯದಕ್ಕೆ ಬಲ್ಲವರು ವಿರಳ. ಎರಡನೆಯದೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಅದನ್ನು ಹಣವಿಲ್ಲದೆ ದೊರೆಯುವ ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸಿನ ‘ಬೇಸ್’ ಎಂಬ ಅಂಗದ ನಿದರ್ಶನದಿಂದ ವಿವರಿಸಬಯಸುತ್ತೇನೆ.

ಮೊದಲಿಗೆ, ಡೇಟಾಬೇಸು ಎಂದರೆ ಉದ್ದನೆಯ ಪಟ್ಟಿಯಲ್ಲ. ಎಕ್ಸೆಲ್ ಹಾಳೆಯಲ್ಲಿ ಮೂವರು ಒಡಹುಟ್ಟಿದವರ ಹೆಸರುಗಳನ್ನು ಬರೆದರೆ ತಂದೆಯ ಹೆಸರನ್ನೂ ಊರನ್ನೂ ಮೂರು ಬಾರಿ ಬರೆಯಬೇಕಾಗುತ್ತದೆ. ಒಂದೆಡೆ ತಿದ್ದಿದರೆ ಉಳಿದೆರಡೆಡೆ ತಪ್ಪು ಹಾಗೆಯೇ ನಿಲ್ಲುತ್ತದೆ. ಡೇಟಾಬೇಸಿನಲ್ಲಿ ಪೋಷಕರದು ಒಂದು ಕೋಷ್ಟಕ, ಮಕ್ಕಳದು ಇನ್ನೊಂದು. ಎರಡಕ್ಕೂ ಒಂದು ಸಂಖ್ಯೆಯ ಕೊಂಡಿ. ಒಂದನ್ನು ಒಂದೇ ಕಡೆ ಬರೆದು, ಉಳಿದೆಡೆ ಅದನ್ನು ನಿರ್ದೇಶಿಸಬೇಕೆಂಬುದು ಇದರ ಸಾರ. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬವರು 1970ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ರಮಕ್ಕೆ ಗಣಿತದ ಅಡಿಪಾಯವನ್ನು ಒದಗಿಸಿತು. ವ್ಯಾಕರಣವನ್ನು ಓದಿದವರಿಗೆ ಈ ಮಿತವ್ಯಯವು ಅಪರಿಚಿತವಲ್ಲ. ಪಾಣಿನಿಯ ಸುಮಾರು 4,000 ಸೂತ್ರಗಳು ಒಂದೆಡೆ. ಸುಮಾರು 2,000 ಧಾತುಗಳ ಧಾತುಪಾಠ ಇನ್ನೊಂದೆಡೆ. ಶಬ್ದಗಳ ಗಣಪಾಠ ಮತ್ತೊಂದೆಡೆ. ಸೂತ್ರವು ಗಣದ ಮೊದಲ ಶಬ್ದವನ್ನು ಹೇಳಿ ‘ಆದಿ’ ಎಂದು ಬೆರಳು ತೋರಿಸುತ್ತದೆಯೇ ಹೊರತು ಪಟ್ಟಿಯನ್ನು ಮತ್ತೆ ಮತ್ತೆ ಒಪ್ಪಿಸುವುದಿಲ್ಲ.

ಇನ್ನು ಎಂಜಿನ್ನಿನ ವಿಚಾರ. ಬೇಸಿನಲ್ಲಿ ನಮಗೆ ಕಾಣುವುದು ಕೋಷ್ಟಕ, ಪ್ರಶ್ನೆ, ಭರ್ತಿ ಮಾಡುವ ನಮೂನೆ ಮತ್ತು ಅಚ್ಚಿಗೆ ಹೋಗುವ ವರದಿ. ಇವೆಲ್ಲ ಮುಂಬಾಗಿಲು ಮಾತ್ರ. ಸಾಲುಗಳನ್ನು ಇರಿಸುವ, ಹುಡುಕುವ, ತಿದ್ದುವ ಕೆಲಸವೆಲ್ಲ ಹಿಂದಿರುವ ಎಂಜಿನ್ನಿನದು. 2005ರ ಅಕ್ಟೋಬರಿನಲ್ಲಿ ಓಪನ್‌ಆಫೀಸ್.ಆರ್ಗ್ 2.0 ಆವೃತ್ತಿಯೊಡನೆ ಬೇಸ್ ಹೊರಬಂದಾಗ ಅದರೊಳಗೆ ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ, ಜಾವಾದಲ್ಲಿ ರಚಿತವಾದ ಎಂಜಿನ್ನನ್ನು ಕೂರಿಸಲಾಗಿತ್ತು. ಆ ಯೋಜನೆಯ ಆಶ್ರಯದಾತ ಸಂಸ್ಥೆಯಾಗಿದ್ದ ಸನ್ 2010ರಲ್ಲಿ ಒರಾಕಲ್‌ನ ವಶವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಯಂಸೇವಕರು ಬೇರೆಯಾಗಿ ಲಿಬ್ರೆಆಫೀಸನ್ನು ಆರಂಭಿಸಿದರು. ಎಂಜಿನ್ನಿನ ಕರ್ತೃಗಳು ಆ ವರ್ಷವೇ 2.0 ಆವೃತ್ತಿಗೆ ಮುನ್ನಡೆದರೂ ಬೇಸಿನೊಳಗೆ ಉಳಿದದ್ದು ಹಳೆಯ 1.8ರ ಪೀಳಿಗೆ. ಅದರ ಸ್ಥಾನಕ್ಕೆ ಫೈರ್‌ಬರ್ಡ್ ಎಂಬ ಬೇರೊಂದು ಎಂಜಿನ್ನನ್ನು ತರುವ ಪ್ರಯೋಗವು 2014ರ 4.2 ಆವೃತ್ತಿಯಲ್ಲಿ ಮೊದಲಾಯಿತು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಏರ್ಪಾಡು 2018ರಲ್ಲಿ ಬಂದಿತು. ಆದರೂ ಹಳೆಯ ಎಂಜಿನ್ನು ಪೂರ್ತಿ ಹೊರನಡೆದಿಲ್ಲ. ಇದರಲ್ಲಿ ಸ್ವಯಂಸೇವಕರನ್ನು ದೂರುವುದು ಧರ್ಮವಲ್ಲ. ಪತ್ರ ಬರೆಯುವ ಅಂಗವನ್ನು ಬಳಸುವವರು ಬಹುಮಂದಿ, ಬೇಸನ್ನು ಬಳಸುವವರು ಕೆಲವೇ ಮಂದಿ. ಬಳಸುವವರು ಕಡಿಮೆಯಾದ ಕಡೆ ದುರಸ್ತಿ ಮಾಡುವ ಕೈಗಳೂ ಕಡಿಮೆ.

ಅಪಾಯವೆಲ್ಲಿದೆಯೆಂದರೆ, ಬೇಸ್ ತಾನಾಗಿ ರಚಿಸುವ ಕಡತವು ಒಂದು ಗಂಟು. ನಮೂನೆ, ವರದಿ, ದತ್ತಾಂಶಗಳೆಲ್ಲವನ್ನೂ ಒಟ್ಟಿಗೆ ಹಿಂಡಿ ಕಟ್ಟಿದ ಗಂಟು. ತೆರೆದಾಗ ಎಂಜಿನ್ನು ಅದನ್ನು ಬಿಚ್ಚಿಕೊಳ್ಳುತ್ತದೆ, ಉಳಿಸುವಾಗ ಮತ್ತೆ ಕಟ್ಟುತ್ತದೆ. ಈ ನಡುವೆ ವಿದ್ಯುತ್ತು ಹೋದರೆ ಆ ದಿನದ ದುಡಿಮೆ ಮಾತ್ರವಲ್ಲ, ಗಂಟೇ ಕೆಡುವ ಸಂಭವವುಂಟು. ನಮ್ಮ ಊರುಗಳಲ್ಲಿ ವಿದ್ಯುತ್ತಿನ ನಡವಳಿಕೆಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಇದಲ್ಲದೆ ಆ ಗಂಟನ್ನು ಏಕಕಾಲಕ್ಕೆ ಒಬ್ಬರು ಮಾತ್ರ ಬಿಚ್ಚಿ ಬಳಸಬಲ್ಲರು. ಕಲಿಯುವವರಿಗೆ ಇಷ್ಟು ಸಾಕು. ಸಂಸ್ಥೆಯ ನೆನಪನ್ನು ಇಡುವುದಕ್ಕೆ ಸಾಲದು.

ಪರಿಹಾರವೂ ಬೇಸಿನಲ್ಲಿಯೇ ಇದೆ. ಅದು ಹೊರಗಿನ ಎಂಜಿನ್ನಿಗೆ ಕಿಟಕಿಯಾಗಿಯೂ ನಿಲ್ಲಬಲ್ಲುದು. ಮರಿಯಾಡಿಬಿ ಇರಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೊದಲಾದ ಕಾರ್ಯದಿಂದ ಬೆಳೆದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇರಲಿ, ಇವು ಮುಕ್ತವೂ ಹೌದು, ಸಮರ್ಥವೂ ಹೌದು. ಪ್ರತಿಯೊಂದು ಸಾಲನ್ನೂ ಬರೆದೊಡನೆ ಭದ್ರಪಡಿಸುವುದು ಇವುಗಳ ಧರ್ಮ. ಹಲವರು ಒಟ್ಟಿಗೆ ಕೆಲಸ ಮಾಡಬಲ್ಲರು. ನಾಳೆ ಬೇಸ್ ಇಲ್ಲವಾದರೂ ದಾಖಲೆಯು ಇದ್ದಲ್ಲಿಯೇ ಇರುತ್ತದೆ. ಬೇರೊಂದು ಕಿಟಕಿಯನ್ನು ಇಟ್ಟುಕೊಂಡರಾಯಿತು.

ಸಣ್ಣ ಶಾಲೆಗೆ ಇಷ್ಟೆಲ್ಲ ಸಾಧ್ಯವೇ, ಮಾರಾಟದ ತಂತ್ರಾಂಶವನ್ನು ವರ್ಷಾವಧಿ ಬಾಡಿಗೆಗೆ ಪಡೆಯುವುದು ಸುಲಭವಲ್ಲವೇ ಎಂಬ ಆಕ್ಷೇಪವು ಸಹಜವಾದುದು. ಬಾಡಿಗೆಯೇ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬಾಡಿಗೆ ನಿಂತ ದಿನ ನಮ್ಮ ದಾಖಲೆಗಳು ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತವೆ ಎಂಬುದನ್ನು ಮುಂಚಿತವಾಗಿ ಬರಹದಲ್ಲಿ ಪಡೆಯದೆ ಒಪ್ಪಂದಕ್ಕೆ ಸಹಿ ಹಾಕಬಾರದು. ಮುಕ್ತ ಎಂಜಿನ್ನಿಗೆ ಪರವಾನಗಿಯ ಶುಲ್ಕವಿಲ್ಲ. ಅದಕ್ಕೆ ಬೇಕಾದುದು ಕಲಿತ ಒಬ್ಬ ಮನುಷ್ಯ. ಅಂತಹವರು ದೊರೆಯುವವರೆಗೆ ಬೇಸಿನ ಗಂಟನ್ನೇ ಬಳಸಬೇಕಾದರೆ ದಿನಕ್ಕೊಂದು ಪ್ರತಿಯನ್ನು ಬೇರೆ ಕಡೆ ಇಡತಕ್ಕದ್ದು. ವರ್ಷಕ್ಕೊಮ್ಮೆ ಎಲ್ಲ ಕೋಷ್ಟಕಗಳನ್ನೂ ಸಿಎಸ್‌ವಿ ಎಂಬ ಸರಳ ಪಠ್ಯಕ್ಕೆ ಇಳಿಸಿ, ಕಾಗದದ ಮೇಲೆಯೂ ಅಚ್ಚು ಹಾಕಿ ರಟ್ಟು ಕಟ್ಟಿಸತಕ್ಕದ್ದು.

ಕನ್ನಡದ ದೃಷ್ಟಿಯಿಂದ ಇನ್ನೊಂದು ಮಾತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದೂ ಎಂಜಿನ್ನಿನ ಕೆಲಸವೇ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚು ಮಾಡಿದ ಹೆಸರು ನಮ್ಮ ಕಣ್ಣಿಗೆ ಕನ್ನಡ. ಎಂಜಿನ್ನಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅದು ‘ಬಸವರಾಜ’ನನ್ನು ಹುಡುಕಲಾರದು, ವರ್ಣಮಾಲೆಯಲ್ಲಿ ಅವನ ಸ್ಥಾನವನ್ನೂ ತಿಳಿಯಲಾರದು. ಯೂನಿಕೋಡಿನಲ್ಲಿ ಬರೆದರೆ ಮಾತ್ರ ಕನ್ನಡದ ಅಕ್ಷರವು ಎಂಜಿನ್ನಿಗೂ ಅಕ್ಷರವಾಗುತ್ತದೆ. ಹಳೆಯ ಕಡತಗಳನ್ನು ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿಲ್ಲವೆಂದು ಕನ್ನಡ ಬಲ್ಲವರೊಬ್ಬರು ಸಾಲುಸಾಲಾಗಿ ಓದಿ ನೋಡಬೇಕು. ಇದು ಭಾಷಾ ಅಧ್ಯಾಪಕರ ಕರ್ತವ್ಯವೇ ಹೊರತು ಗಣಕದ ಮೇಷ್ಟರೊಬ್ಬರದೇ ಅಲ್ಲ.

ದಾನಿಗಳಲ್ಲಿ ನನ್ನದೊಂದು ವಿನಂತಿ. ಗಣಕಯಂತ್ರಗಳನ್ನು ಕೊಡಿಸುವವರಿಗೆ ಕೊರತೆಯಿಲ್ಲ. ಅವುಗಳ ಮೇಲೆ ಹೆಸರು ಬರೆಯಿಸುವುದೂ ಸುಲಭ. ಎಂಜಿನ್ನನ್ನು ಬಲ್ಲ ಒಬ್ಬ ದಾಖಲೆಪಾಲಕನ ಸಂಬಳಕ್ಕೆ ದತ್ತಿಯಿಡುವವರು ವಿರಳ. ಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ, ಪಾಲಕನಿದ್ದರೆ ದಾಖಲೆ ಹಳತಾಗದು. ಅಧ್ಯಾಪಕರಲ್ಲಿಯೂ ಒಂದು ವಿನಂತಿಯುಂಟು. ಪ್ರತಿ ವರ್ಷ ಶಾಲೆ ಆರಂಭವಾಗುವ ಮೊದಲು, ಇರಿಸಿದ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಯಾವುದಾದರೂ ಹತ್ತು ಹೆಸರುಗಳನ್ನು ಮೂಲ ವಹಿಯೊಡನೆ ತಾಳೆ ನೋಡಿರಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು. ಹತ್ತೂ ಹೆಸರುಗಳು ತಾಳೆಯಾದರೆ ಆ ವರ್ಷ ನಿಶ್ಚಿಂತೆಯಿಂದ ಗಂಟೆ ಬಾರಿಸಬಹುದು.