ಮನೆಯಲ್ಲೇ ಜೋಡಿಸಿದ ಗಣಕಯಂತ್ರ

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮಧ್ಯಮ ವರ್ಗದ ಒಂದು ಮನೆ. ೨೦೨೪ರ ಬೇಸಗೆ ರಜೆಯ ಒಂದು ಸಂಜೆ, ಪಿ.ಯು.ಸಿ. ಪರೀಕ್ಷೆ ಮುಗಿಸಿದ್ದ ಮಗಳು ತಂದೆಯ ಮುಂದೆ ತನ್ನ ಬಿನ್ನಹವನ್ನಿಟ್ಟಳು. ಮನೆಗೆ ಹೊಸ ಗಣಕಯಂತ್ರ ಬೇಕು. ಆದರೆ ಅಂಗಡಿಯ ಸಿದ್ಧಯಂತ್ರ ಬೇಡ. ಬಿಡಿಭಾಗಗಳನ್ನು ಕೊಂಡು ತಂದರೆ ತಾನೇ ಮನೆಯಲ್ಲಿ ಜೋಡಿಸುತ್ತಾಳೆ.

ತಂದೆ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿದರು. “ಮೂವತ್ತು ಸಾವಿರ ರೂಪಾಯಿಯ ಮಾತು, ಮಗಳೆ. ಜೋಡಿಸುವಾಗ ಏನಾದರೂ ಕೆಟ್ಟರೆ ಯಾರನ್ನು ಕೇಳುವುದು?”

“ಹಳೆಯದು ಕೆಟ್ಟಾಗ ಯಾರನ್ನು ಕೇಳಿದೆವು, ಅಪ್ಪ?” ಎಂದಳು ಮಗಳು.

ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಹಳೆಯ ಯಂತ್ರ ಮೂರು ಬಾರಿ ದುರಸ್ತಿಗೆ ಹೋಗಿ ಬಂದಿತ್ತು. ಪ್ರತಿ ಸಲವೂ ಯಾರೋ ಬಂದು ಹೊತ್ತೊಯ್ದರು, ಹಣ ಪಡೆದರು, ಒಳಗೆ ಏನಾಗಿತ್ತೆಂದು ಹೇಳಲಿಲ್ಲ. ಮನೆಯವರು ಕೇಳಲೂ ಇಲ್ಲ. ಮೂರನೆಯ ಸಲ ಅದರ ಹಾರ್ಡ್ ಡಿಸ್ಕ್ ಸಂಪೂರ್ಣವಾಗಿ ಹಾಳಾಗಿತ್ತು. ಅದರೊಡನೆ, ಅಜ್ಜಿ ಹೇಳಿ ಮೊಮ್ಮಗಳಿಂದ ಬರೆಸಿದ್ದ ನಲವತ್ತು ಸಂಪ್ರದಾಯದ ಹಾಡುಗಳೂ ಹೋದುವು. “ಅದಕ್ಕೇನು, ಇನ್ನೊಮ್ಮೆ ಹೇಳಿದರಾಯಿತು” ಎಂದಿದ್ದರು ಅಜ್ಜಿ. ಆದರೆ ಎಂಬತ್ತು ದಾಟಿದವರ ಬಾಯಲ್ಲಿ ‘ಇನ್ನೊಮ್ಮೆ’ ಎಂಬ ಮಾತಿಗೆ ಬೆಲೆಯೆಷ್ಟೆಂಬುದು ಮನೆಯ ಎಲ್ಲರಿಗೂ ತಿಳಿದಿತ್ತು.

ಕಡೆಗೆ ತಂದೆ ಒಪ್ಪಿದರು. ಮೂವತ್ತು ಸಾವಿರವನ್ನು ಒಂದು ಕಾಸೂ ಮೀರಕೂಡದೆಂಬುದು ಅವರ ಕರಾರು.

ಅನುಭವವಿಲ್ಲದವರಿಗೆ ಸಾಧ್ಯವೆ?

ಇಷ್ಟು ಸೂಕ್ಷ್ಮವಾದ ಯಂತ್ರವನ್ನು ಹೊಸಬರು ಜೋಡಿಸಬಹುದೆ ಎಂಬ ಶಂಕೆ ಸಹಜವಾದುದು. ಆದರೆ ಮನೆಗೆ ಬಂದ ಗಣಕಯಂತ್ರದ ಚರಿತ್ರೆ ಆರಂಭವಾದದ್ದೇ ಹೀಗೆ ಕೈಯಾರೆ ಜೋಡಿಸುವುದರಿಂದ. ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆ ೧೯೭೫ರ ಜನವರಿ ಸಂಚಿಕೆಯ ಮುಖಪುಟದಲ್ಲಿ ‘ಆಲ್ಟೇರ್ ೮೮೦೦’ ಎಂಬ ಯಂತ್ರದ ಚಿತ್ರವನ್ನು ಪ್ರಕಟಿಸಿತು. ಎಡ್ ರಾಬರ್ಟ್ಸ್ ಎಂಬವರ ಪುಟ್ಟ ಸಂಸ್ಥೆ ಅದರ ಬಿಡಿಭಾಗಗಳನ್ನು ೩೯೭ ಡಾಲರಿಗೆ ಅಂಚೆಯ ಮೂಲಕ ಕಳುಹಿಸುತ್ತಿತ್ತು; ಕೊಂಡವರು ಮನೆಯಲ್ಲಿ ಕುಳಿತು ಒಂದೊಂದು ತಂತಿಯನ್ನೂ ಬೆಸುಗೆ ಹಾಕಬೇಕಾಗಿತ್ತು. ಅದಕ್ಕೆ ತೆರೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಮುಂಭಾಗದಲ್ಲಿ ಗುಂಡಿಗಳ ಸಾಲು, ದೀಪಗಳ ಸಾಲು, ಅಷ್ಟೆ. ಅದರ ಮೂಲ ಸ್ಮರಣೆಯ ಅಳತೆ ೨೫೬ ಬೈಟ್. ಇಂದಿನ ರೂಢಿಯ ಸಂಕೇತದಲ್ಲಿ ಒಂದು ಕನ್ನಡ ಅಕ್ಷರಕ್ಕೆ ಕನಿಷ್ಠ ಮೂರು ಬೈಟ್ ಬೇಕಾದುದರಿಂದ, ಅಜ್ಜಿಯ ಹಾಡೊಂದರ ನಾಲ್ಕಾರು ಸಾಲುಗಳೂ ಅದರಲ್ಲಿ ಹಿಡಿಸುತ್ತಿದ್ದುದು ಸಂದೇಹ.

ಇಂದು ಬೆಸುಗೆಯ ಕೆಲಸವಿಲ್ಲ. ೧೯೯೫ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ಹೊರತಂದಿತು. ತಿರುಪಿನ ರಂಧ್ರ ಎಲ್ಲಿರಬೇಕು, ವಿದ್ಯುತ್ತಿನ ಕೊಂಡಿ ಹೇಗಿರಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ಆದುದರಿಂದಲೇ ಒಬ್ಬರು ಮಾಡಿದ ಪೆಟ್ಟಿಗೆಯಲ್ಲಿ ಮತ್ತೊಬ್ಬರು ಮಾಡಿದ ಹಲಗೆ ಸರಿಯಾಗಿ ಕೂರುತ್ತದೆ. ಒಂದು ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಒಂದು ಪೂರ್ಣ ಮಧ್ಯಾಹ್ನದ ವಿರಾಮ – ಇವಿಷ್ಟಿದ್ದರೆ ಸಾಕು.

ಒಳಗೆ ಇರುವುದೇನು?

ಗಣಕವನ್ನು ಒಂದು ಅಡಿಗೆಮನೆಗೆ ಹೋಲಿಸಬಹುದು. ಪ್ರೊಸೆಸರ್ ಅಡಿಗೆಯವರು, ಕೆಲಸವೆಲ್ಲ ಅವರದೇ. ಎಸ್.ಎಸ್.ಡಿ. ಎಂಬುದು ಉಗ್ರಾಣ, ಅದರಲ್ಲಿಟ್ಟದ್ದು ವಿದ್ಯುತ್ತು ಹೋದರೂ ಉಳಿಯುತ್ತದೆ. ರ‍್ಯಾಮ್ ಎಂಬುದು ಒಲೆಯ ಪಕ್ಕದ ಕಟ್ಟೆ. ಉಗ್ರಾಣದಲ್ಲಿ ದವಸ ಎಷ್ಟಿದ್ದರೂ, ಅಡಿಗೆಗೆ ಬೇಕಾದುದನ್ನು ಕಟ್ಟೆಯ ಮೇಲೆ ತಂದಿಟ್ಟುಕೊಳ್ಳಲೇಬೇಕು. ಕಟ್ಟೆ ಕಿರಿದಾದರೆ ಅಡಿಗೆಯವರು ಎಷ್ಟು ಚುರುಕಾಗಿದ್ದರೂ ಕೆಲಸ ನಿಧಾನ; ವಿದ್ಯುತ್ತು ಹೋಯಿತೆಂದರೆ ಕಟ್ಟೆಯ ಮೇಲಿನದೆಲ್ಲ ಬರಿದು. ಇವೆಲ್ಲವನ್ನೂ ಕೂಡಿಸುವ ನೆಲ ಮದರ್‌ಬೋರ್ಡ್. ಮನೆಗೆ ಬರುವ ವಿದ್ಯುತ್ತನ್ನು ಯಂತ್ರಕ್ಕೆ ಒಗ್ಗುವ ಅಲ್ಪ ವೋಲ್ಟೇಜಿಗೆ ಇಳಿಸಿಕೊಡುವುದು ಎಸ್.ಎಂ.ಪಿ.ಎಸ್. ಇನ್ನುಳಿದುದು, ಬಿಸಿಯನ್ನು ಹೊರಹಾಕುವ ಫ್ಯಾನು ಮತ್ತು ಎಲ್ಲಕ್ಕೂ ಆಸರೆಯಾದ ಕ್ಯಾಬಿನೆಟ್ಟು.

ಹೊಸಬರು ಎಡವುವುದು ಜೋಡಿಸುವಾಗ ಅಲ್ಲ, ಕೊಳ್ಳುವಾಗ. ಭಾಗಗಳು ಒಂದೊಂದೂ ಉತ್ತಮವಾಗಿದ್ದು, ಪರಸ್ಪರ ಹೊಂದದೆ ಹೋಗಬಹುದು. ಜಾತಕ ನೋಡದೆ ಮದುವೆ ಮಾಡದ ಜನ ಇಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಕು. ಪ್ರೊಸೆಸರಿಗೆ ತಕ್ಕ ಸಾಕೆಟ್ ಹಲಗೆಯ ಮೇಲಿರಬೇಕು. ರ‍್ಯಾಮಿನಲ್ಲಿ ಡಿ.ಡಿ.ಆರ್. ೪, ಡಿ.ಡಿ.ಆರ್. ೫ ಎಂಬ ತಲೆಮಾರುಗಳಿವೆ. ನೋಟಕ್ಕೆ ಒಂದೇ ಬಗೆಯಾಗಿದ್ದರೂ ಅವುಗಳ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುವುದರಿಂದ ಒಂದರ ಜಾಗದಲ್ಲಿ ಮತ್ತೊಂದು ಕೂರುವುದಿಲ್ಲ.

ತಂದೆ ಮಗಳು ಇಬ್ಬರೂ ಎಸ್.ಪಿ. ರಸ್ತೆಗೆ ಹೋದದ್ದು ಒಂದು ಶನಿವಾರ. ಪಟ್ಟಿ ಮೊದಲೇ ಸಿದ್ಧವಾಗಿತ್ತು: ಇಂಟೆಲ್ ಕೋರ್ ಐ೩ ೧೨೧೦೦ ಪ್ರೊಸೆಸರ್, ಅದಕ್ಕೊಪ್ಪುವ ಎಚ್ ೬೧೦ ಬಗೆಯ ಹಲಗೆ, ಎಂಟೆಂಟು ಜಿ.ಬಿ.ಯ ಎರಡು ಡಿ.ಡಿ.ಆರ್. ೪ ರ‍್ಯಾಮ್, ೫೦೦ ಜಿ.ಬಿ.ಯ ಎಸ್.ಎಸ್.ಡಿ. ಮಾನಿಟರ್, ಕೀಲಿಮಣೆ, ಮೌಸ್ ಹಳೆಯವೇ ಸಾಕು. ಅಂಗಡಿಯವರು ಪಟ್ಟಿಯನ್ನು ಓದಿ, “ಇದೇ ಪ್ರೊಸೆಸರ್, ಕೊನೆಗೆ ‘ಎಫ್’ ಅಕ್ಷರವಿರುವುದು ಇನ್ನೂ ಅಗ್ಗಕ್ಕಿದೆ, ಕೊಡಲೆ ಸಾರ್?” ಎಂದರು. ಹಣ ಉಳಿಯುವ ಮಾತು ಕೇಳಿ ತಂದೆಯ ಮುಖ ಅರಳಿತು. ಮಗಳು ತಲೆಯಾಡಿಸಿದಳು. ‘ಎಫ್’ ಎಂದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಅಂಗ ಅದರೊಳಗಿಲ್ಲವೆಂದು ಅರ್ಥ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಿಗೆ ಅದು ಲಾಭ. ಕೊಳ್ಳದವರಿಗೆ ಕತ್ತಲೆಯ ತೆರೆ. ಅಂಗಡಿಯವರು ನಕ್ಕು, “ಹುಡುಗಿ ಓದಿಕೊಂಡೇ ಬಂದಿದ್ದಾಳೆ” ಎಂದರು.

ಅವರು ಉಳಿತಾಯ ಮಾಡದೆ ಬಿಟ್ಟ ಭಾಗ ಒಂದೇ, ಎಸ್.ಎಂ.ಪಿ.ಎಸ್. ಆ ಪ್ರೊಸೆಸರ್ ಕೆಲಸದ ಭರದಲ್ಲಿದ್ದಾಗಲೂ ೮೯ ವಾಟ್‌ಗೆ ಮಿತಿಗೊಂಡದ್ದು. ಆದುದರಿಂದ ೪೫೦ ವಾಟ್ ಧಾರಾಳವಾಯಿತು. ಆದರೆ ಹೆಸರಿಲ್ಲದ ಅಗ್ಗದ ಪೆಟ್ಟಿಗೆಯೊಂದು ಕೆಟ್ಟರೆ, ಕೆಲವೊಮ್ಮೆ ಉಳಿದ ಭಾಗಗಳನ್ನೂ ಜೊತೆಗೊಯ್ಯುವುದುಂಟು. ‘೮೦ ಪ್ಲಸ್’ ಎಂಬ ದಕ್ಷತೆಯ ಮುದ್ರೆಯಿರುವ, ಒಳ್ಳೆಯ ಹೆಸರಿನ ಪೆಟ್ಟಿಗೆಯನ್ನೇ ಆರಿಸಿಕೊಳ್ಳುವುದು ಕ್ಷೇಮ. ಪ್ರತಿಯೊಂದು ಭಾಗಕ್ಕೂ ಜಿ.ಎಸ್.ಟಿ. ಬಿಲ್ಲು, ಅದರಲ್ಲಿ ಆ ಭಾಗದ ಕ್ರಮಸಂಖ್ಯೆ, ಇವನ್ನು ಕೇಳಿ ಪಡೆಯಬೇಕು. ವಾರಂಟಿಗೆ ಆಧಾರ ಆ ಕಾಗದವೇ.

ಬೆಲೆಯ ವಿಷಯದಲ್ಲಿ ಅವರ ಅದೃಷ್ಟ ಚೆನ್ನಾಗಿತ್ತು. ೨೦೨೫ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದ, ರ‍್ಯಾಮಿನ ಬೆಲೆ ವಿಪರೀತವಾಗಿ ಏರಿತು. ಕೊಳ್ಳುವ ದಿನದ ದರವನ್ನು ಎರಡು ಮೂರು ಕಡೆ ವಿಚಾರಿಸಿಯೇ ಪಟ್ಟಿಯನ್ನು ಗಟ್ಟಿ ಮಾಡುವುದು ಜಾಣತನ.

ಜೋಡಿಸುವ ಕ್ರಮ

ಭಾನುವಾರ ಊಟವಾದ ಮೇಲೆ ಹಾಲಿನ ಮೇಜನ್ನು ಒರೆಸಿ ಕೆಲಸಕ್ಕಾರಂಭವಾಯಿತು. ಮೈಮೇಲಿನ ಸ್ಥಿರವಿದ್ಯುತ್ತು ಕಣ್ಣಿಗೆ ಕಾಣದಿದ್ದರೂ ಸೂಕ್ಷ್ಮಭಾಗಗಳನ್ನು ಕೆಡಿಸಬಲ್ಲದು. ಆದುದರಿಂದ ನೈಲಾನ್ ಉಡುಪನ್ನೂ ಜಮಖಾನೆಯನ್ನೂ ದೂರವಿಟ್ಟು, ಆಗಾಗ್ಗೆ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟುತ್ತಿರಬೇಕು.

ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಡಲಾಯಿತು. ಪ್ರೊಸೆಸರಿನ ಮೂಲೆಯಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಸಾಕೆಟ್ಟಿನಲ್ಲಿಯೂ ಅಂತಹುದೇ ಗುರುತು. ಎರಡನ್ನೂ ಹೊಂದಿಸಿ, ಒತ್ತದೆ, ಸುಮ್ಮನೆ ಇಳಿಸಬೇಕು. ಈ ಬಗೆಯ ಸಾಕೆಟ್ಟಿನಲ್ಲಿ ಕೂದಲೆಳೆಯಂತಹ ೧೭೦೦ ಮೊನೆಗಳಿರುತ್ತವೆ. ಒಂದು ಬಾಗಿದರೂ ಹಲಗೆ ಕೆಟ್ಟಂತೆಯೇ ಸರಿ. ಅನಂತರ ಸನ್ನೆಯನ್ನು ಒತ್ತುವಾಗ ‘ಕಿರ್’ ಎಂಬ ಸದ್ದಾಗುತ್ತದೆ. ಮಗಳ ಕೈ ಒಂದು ಕ್ಷಣ ತಡೆಯಿತು. ಆ ಸದ್ದು ಸಹಜವೆಂಬುದನ್ನು ಅವಳು ಓದಿದ್ದಳು. ಓದಿದ್ದರೂ ಎದೆ ಹೊಡೆದುಕೊಂಡಿತು.

ಪ್ರೊಸೆಸರಿನ ಜೊತೆಯಲ್ಲೇ ಬಂದ ಫ್ಯಾನಿನ ತಳಕ್ಕೆ ಬಿಸಿಯನ್ನು ಸಾಗಿಸುವ ಲೇಪ ಮೊದಲೇ ಹಚ್ಚಿರುತ್ತದೆ. ಅದರ ನಾಲ್ಕು ಕಾಲುಗಳನ್ನು ಎದುರುಬದುರಾಗಿ, ಒಂದಾದ ಮೇಲೊಂದರಂತೆ ಒತ್ತಬೇಕು. ರ‍್ಯಾಮ್, ಎಸ್.ಎಸ್.ಡಿ. ಸೇರಿದ ಮೇಲೆ ಹಲಗೆ ಕ್ಯಾಬಿನೆಟ್ಟಿನೊಳಕ್ಕೆ ಹೋಯಿತು. ಅಲ್ಲಿ ಹಿತ್ತಾಳೆಯ ಪುಟ್ಟ ಮೊಳೆಗಂಬಗಳ ಮೇಲೆ ಅದು ನಿಲ್ಲಬೇಕು. ನೇರವಾಗಿ ತಗಡಿಗೆ ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಬಳಿಕ ೨೪ ಮೊನೆಯ ದೊಡ್ಡ ಕೊಂಡಿ, ಪ್ರೊಸೆಸರಿಗೆಂದೇ ಇರುವ ೮ ಮೊನೆಯ ಇನ್ನೊಂದು ಕೊಂಡಿ. ಹೊಸಬರು ಎರಡನೆಯದನ್ನು ಮರೆಯುವುದೇ ಹೆಚ್ಚು. ಮುಂಭಾಗದ ಗುಂಡಿಯ ಸಣ್ಣ ತಂತಿಗಳನ್ನು ಕೈಪಿಡಿಯ ಚಿತ್ರ ನೋಡಿಯೇ ಸಿಕ್ಕಿಸಬೇಕು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿಯಿತು. ಮಗಳು ಗುಂಡಿಯೊತ್ತಿದಳು. ಫ್ಯಾನು ತಿರುಗಿತು, ಸಣ್ಣ ದೀಪವೊಂದು ಬೆಳಗಿತು. ತೆರೆಯ ಮೇಲೆ ಏನೂ ಬರಲಿಲ್ಲ.

ಒಂದು ನಿಮಿಷ, ಎರಡು ನಿಮಿಷ. ಕತ್ತಲೆಯೇ. ಮೂವತ್ತು ಸಾವಿರ ರೂಪಾಯಿ ಮೇಜಿನ ಮೇಲೆ ಸುಮ್ಮನೆ ಗುಂಯ್‌ಗುಡುತ್ತಿತ್ತು. ಮಗಳ ಕಣ್ಣು ತುಂಬಿತು. ‘ನಾನು ಆಗಲೇ ಹೇಳಲಿಲ್ಲವೆ?’ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ತಂದೆ ಆ ಮಾತನ್ನು ಆಡಲಿಲ್ಲ. ಹುಡುಗನಾಗಿದ್ದಾಗ ಅವರೂ ಒಂದು ಟ್ರಾನ್ಸಿಸ್ಟರ್ ರೇಡಿಯೊ ಜೋಡಿಸಿದ್ದರು. ಮೊದಲ ಸಲ ಅದೂ ಹಾಡಿರಲಿಲ್ಲ. “ಪ್ಲಗ್ ತೆಗೆ. ಮೊದಲಿನಿಂದ ಒಂದೊಂದಾಗಿ ನೋಡೋಣ” ಎಂದು ಟಾರ್ಚು ಹಿಡಿದು ಪಕ್ಕದಲ್ಲಿ ನಿಂತರು.

ದೋಷವನ್ನು ಹುಡುಕುವುದಕ್ಕೆ ಇದೇ ಸರಿಯಾದ ಮಾರ್ಗ. ಮಾನಿಟರಿನ ತಂತಿ ಸರಿ. ೨೪ರ ಕೊಂಡಿ ಸರಿ. ೮ರ ಕೊಂಡಿ ಸರಿ. ಅಷ್ಟರಲ್ಲಿ, ಹೂ ಕಟ್ಟುತ್ತ ಕುಳಿತಿದ್ದ ಅಜ್ಜಿ ಕನ್ನಡಕವೇರಿಸಿ ಬಗ್ಗಿ ನೋಡಿದರು. “ಆ ಪಟ್ಟಿ ಒಂದು ತುದಿಯಲ್ಲಿ ಎದ್ದುಕೊಂಡ ಹಾಗಿದೆಯಲ್ಲೇ, ಮಗು?”

ಹೌದು. ರ‍್ಯಾಮಿನ ಒಂದು ಪಟ್ಟಿ ಅರ್ಧವೇ ಕೂತಿತ್ತು. ಕೆಲವು ಹಲಗೆಗಳಲ್ಲಿ ಅದನ್ನು ಹಿಡಿಯುವ ಚಿಲಕ ಒಂದೇ ಕಡೆ ಇರುತ್ತದೆ. ಇನ್ನೊಂದು ತುದಿ ಇಳಿದಂತೆ ತೋರಿದರೂ ಇಳಿದಿರುವುದಿಲ್ಲ. ಮಗಳು ಎರಡು ಹೆಬ್ಬೆರಳಿಟ್ಟು ಒತ್ತಿದಳು. ‘ಟಕ್’ ಎಂದಿತು. ಪ್ಲಗ್ ಸಿಕ್ಕಿಸಿ ಮತ್ತೆ ಗುಂಡಿಯೊತ್ತಿದಾಗ, ಸ್ವಲ್ಪ ಹೊತ್ತಿನಲ್ಲಿಯೇ ತೆರೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದುವು.

ಅನಂತರದ ಕಥೆ

ಯಂತ್ರಕ್ಕೆ ಜೀವ ಬಂದರೂ ಅದನ್ನು ನಡೆಸುವ ತಂತ್ರಾಂಶ ಬೇಕು. ಉಬುಂಟು ಎಂಬ ಲಿನಕ್ಸ್ ತಂತ್ರಾಂಶ ೨೦೦೪ರಿಂದ ಉಚಿತವಾಗಿ ದೊರೆಯುತ್ತಿದೆ, ಪುಟ್ಟದೊಂದು ಯು.ಎಸ್.ಬಿ. ಕಡ್ಡಿಯಿಂದ ಅದನ್ನು ಯಂತ್ರಕ್ಕೆ ಇಳಿಸಬಹುದು. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ‘ಕಗಪ’ ಕೀಲಿಮಣೆಯ ವಿನ್ಯಾಸವೂ ಅದರಲ್ಲಿಯೇ ಅಡಕವಾಗಿದೆ. ಹಣ ಮಿಕ್ಕಿದರೆ ಮೊದಲು ಕೊಳ್ಳಬೇಕಾದುದು ಸಣ್ಣದೊಂದು ಯು.ಪಿ.ಎಸ್.; ವಿದ್ಯುತ್ತು ಹೋದಾಗ ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಅದು ಕೆಲವು ನಿಮಿಷಗಳ ಅವಕಾಶ ಕೊಡುತ್ತದೆ.

ತಾನೇ ಜೋಡಿಸಿದರೆ ಬಹಳ ಹಣ ಉಳಿಯುವುದೆಂಬ ಆಸೆ ಬೇಡ. ಕೆಲವೊಮ್ಮೆ ಸಿದ್ಧಯಂತ್ರವೇ ಅಗ್ಗವಾದೀತು. ಉಳಿಯುವುದು ಬೇರೆ: ಯಾವ ಭಾಗ ಯಾವ ಕೆಲಸ ಮಾಡುವುದೆಂಬ ತಿಳಿವಳಿಕೆ, ಕೆಟ್ಟ ಭಾಗವೊಂದನ್ನೇ ಬದಲಿಸುವ ಅನುಕೂಲ, ಮುಚ್ಚಳ ತೆಗೆಯಲು ಅಂಜದ ಕೈ. ಯಾವ ಉಗ್ರಾಣವೂ ಶಾಶ್ವತವಲ್ಲವೆಂಬ ಪಾಠವನ್ನೂ ಆ ಮನೆ ಕಲಿತಿತ್ತು. ಬರೆದುದರ ಒಂದು ಪ್ರತಿ ಯಂತ್ರದಲ್ಲಿ, ಮತ್ತೊಂದು ಪ್ರತಿ ಬೇರೊಂದು ಡ್ರೈವಿನಲ್ಲಿ ಇರಬೇಕೆಂಬುದು ಅಲ್ಲಿ ಈಗ ಕಟ್ಟುನಿಟ್ಟಾದ ನಿಯಮ.

ಮರುದಿನ ಸಂಜೆ ಅಜ್ಜಿ ಕುರ್ಚಿಯನ್ನು ಮೇಜಿನ ಬಳಿಗೆ ಎಳೆಸಿಕೊಂಡು ಕುಳಿತರು. ಕಳೆದುಹೋದ ನಲವತ್ತು ಹಾಡುಗಳಲ್ಲಿ ಅವರಿಗೆ ಮೂವತ್ತೇಳು ನೆನಪಿದ್ದುವು. ಉಳಿದ ಮೂರನ್ನು ತಂಗಿಗೆ ಫೋನು ಮಾಡಿ ಕೇಳಬೇಕೆಂದು ಹೇಳಿ, ಮೊದಲನೆಯ ಹಾಡನ್ನು ಆರಂಭಿಸಿದರು.