ಹಗಲು 4800 ವ್ಯಾಟ್, ರಾತ್ರಿ ಟಾರ್ಚು!

ನಮ್ಮೂರು ಗಂಡಸಿ. ಹೆಸರು ಹೇಳಿದ ಕೂಡ್ಲೇ ಆಫೀಸಲ್ಲಿ ಒಂದು ಸುತ್ತು ನಗು ಗ್ಯಾರಂಟಿ. ನೀವೂ ಒಮ್ಮೆ ನಕ್ಕುಬಿಡಿ, ಆಮೇಲೆ ವಿಷಯಕ್ಕೆ ಬರೋಣ :-)

ವ್ಯಾನಿನ ತಲೆ ಮೇಲೆ ಸೋಲಾರ್ ಪ್ಯಾನೆಲ್ ಕಟ್ಕೊಂಡು, ಲೈನೇ ಇಲ್ಲದ ಕಾಡಲ್ಲಿ ತಿಂಗಳುಗಟ್ಟಲೆ ಇರೋ ವಿದೇಶಿಯರ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ನಮ್ಮ ಟೀಮಿನಲ್ಲಿ ಇಬ್ಬರಿಗೆ ಅದರ ಹುಚ್ಚು ಹಿಡಿದಿದೆ. ನನಗೆ ಗೊತ್ತಿರೋ ಒಬ್ಬರೇ ಒಬ್ಬರು ಅಸಲಿ ಕ್ಯಾಂಪರ್ ಅಂದ್ರೆ ನಮ್ಮಪ್ಪ. ವ್ಯಾನಿಲ್ಲ ಅಷ್ಟೇ. ಊರಿಂದ ದೂರದ ತೋಟದಲ್ಲಿ ತಗಡಿನ ಶೆಡ್ಡು, ಒಂದು ಮಂಚ, ಒಂದು ನಾಯಿ. ರಾಗಿ ತೆನೆ ಕಟ್ಟೋ ಹೊತ್ತಿಗೆ ಹಂದಿ ಕಾಟ. 2025ರಲ್ಲಿ ಕೊಬ್ಬರಿ ರೇಟು ಏರಿದ ಮೇಲಂತೂ ಕಾಯಿ ಕಳ್ಳರ ಭಯ ಬೇರೆ. ವರ್ಷದಲ್ಲಿ ಅರ್ಧ ರಾತ್ರಿಗಳು ಅವರದ್ದು ಅಲ್ಲೇ.

ಆ ತೋಟಕ್ಕೆ ಕರೆಂಟ್ ಲೈನ್ ಇಲ್ಲ. ಟ್ರಾನ್ಸ್‌ಫಾರ್ಮರಿನಿಂದ 500 ಮೀಟರ್‌ಗಿಂತ ದೂರ ಇರೋ ಬೋರಿಗೆ ಕಂಬ-ತಂತಿ ಬದಲು ಸೌರ ಪಂಪು ಅನ್ನೋದು 2023ರಿಂದೀಚೆಗೆ ನಮ್ಮ ರಾಜ್ಯದ ನೀತಿ. ಕುಸುಮ್-ಬಿ ಯೋಜನೆ. ಕೇಂದ್ರದ್ದು 30, ರಾಜ್ಯದ್ದು 50, ರೈತನದ್ದು 20 ಪರ್ಸೆಂಟು. ನಮಗೂ ಬಂತು, 5 ಎಚ್‌ಪಿ. ನಾನಂತೂ ಖುಷಿಯಾಗೇ ಇದೀನಿ. ತ್ರೀಫೇಸ್ ಯಾವಾಗ ಬರುತ್ತೆ ಅಂತ ರಾತ್ರಿ ಎದ್ದು ಕಾಯೋದು, ಕತ್ತಲಲ್ಲಿ ಹಾವು ತುಳ್ಕೊಂಡು ವಾಲ್ವ್ ತಿರುಗಿಸೋದು ತಪ್ಪಿತು. ಬಿಸಿಲಿದ್ದಾಗ ನೀರು, ಅಷ್ಟೇ ಲೆಕ್ಕ.

ನನ್ನ ತಕರಾರು ಆಮೇಲಿನದ್ದು. 5 ಎಚ್‌ಪಿ ಪಂಪಿಗೆ 4800 ವ್ಯಾಟ್ ಪ್ಯಾನೆಲ್. ಒಳ್ಳೇ ಬಿಸಿಲಿನ ದಿನ 20 ಯೂನಿಟ್ ಆಸುಪಾಸು ಕೊಡಬಲ್ಲಷ್ಟು. ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ನಾಲ್ಕೈದು ದಿನಕ್ಕೆ ಸಾಕು. ಸೂರ್ಯ ಮುಳುಗಿದ ಮೇಲೆ ಅದೇ ಪ್ಯಾನೆಲ್ಲಿನ ಪಕ್ಕದಲ್ಲಿ ಅಪ್ಪ ಟಾರ್ಚು ಹಿಡ್ಕೊಂಡು ಕೂರ್ತಾರೆ! ಯಾಕಂದ್ರೆ ಯೋಜನೆ ಇರೋದು ನೀರೆತ್ತೋಕೆ. ಬ್ಯಾಟರಿ ಅದರಲ್ಲಿಲ್ಲ.

ಹಾಗಂತ ಆ ಪ್ಯಾನೆಲ್ಲಿಗೆ ತಂತಿ ಸಿಗಿಸಿ ಬಲ್ಬು ಹಾಕೋ ಸಾಹಸಕ್ಕೆ ಯಾರೂ ಹೋಗ್ಬೇಡಿ. ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತೆ. ಹಿಡಿದ್ರೆ ಬಿಡಲ್ಲ. ವಾರಂಟಿ ಇರೋ ಪೆಟ್ಟಿಗೆ ಬಿಚ್ಚೋದೂ ಬೇಡ.

ಸರಿ, ಬೇರೇನೇ ಒಂದು ಸೆಟ್ ಮಾಡೋಣ ಅಂತ ವಿಚಾರಿಸಿದ್ರೆ ಎಲ್ಲರ ಬಾಯಲ್ಲೂ ಒಂದೇ ಮಂತ್ರ, "3 ಕಿಲೋವ್ಯಾಟ್ ಹಾಕ್ಸಿ ಸಾರ್, 78 ಸಾವಿರ ಸಬ್ಸಿಡಿ". ಅದು 2024ರ ಪಿಎಂ ಸೂರ್ಯಘರ್, ಲೈನಿರೋ ಮನೆಯ ತಾರಸಿಗೆ. ಬರೀ ಆನ್-ಗ್ರಿಡ್ ಇನ್ವರ್ಟರ್ ಆದ್ರೆ ಕರೆಂಟ್ ಹೋದಾಗ ಅದೂ ಆಫ್ ಆಗುತ್ತೆ. ಕಂಬದ ಮೇಲೆ ಲೈನ್‌ಮನ್ ಇರ್ತಾನಲ್ಲ, ಅವನ ಜೀವಕ್ಕಾಗಿ. ಲೈನೇ ಇಲ್ಲದ ಶೆಡ್ಡಿಗೆ ಅದನ್ನ ಮಾರೋಕೆ ಬರೋರಿಗೆ ಏನನ್ನೋಣ?

ಅಪ್ಪನಿಗೆ ಆನ್-ಗ್ರಿಡ್ಡು, ಆಫ್-ಗ್ರಿಡ್ಡು ಅಂತ ವಿವರಿಸ್ತಿದ್ದೆ. "ಅದೆಲ್ಲಾ ಇರ್ಲಿ ಕಣೋ, ರಾತ್ರಿಯೆಲ್ಲಾ ಒಂದು ಬಲ್ಬು ಉರಿತೈತಾ ಹೇಳು" ಅಂದ್ರು. ಇಡೀ ರಿಕ್ವೈರ್‌ಮೆಂಟ್ ಡಾಕ್ಯುಮೆಂಟು ಒಂದೇ ಸಾಲಲ್ಲಿ!

ಲೆಕ್ಕ ಅಲ್ಲಿಂದಲೇ ಶುರು ಆಗ್ಬೇಕು, ಪ್ಯಾನೆಲ್ಲಿಂದ ಅಲ್ಲ. 5 ವ್ಯಾಟಿನ ಮೂರು ಎಲ್ಇಡಿ ಆರು ಗಂಟೆ ಉರಿದ್ರೆ 90 ವ್ಯಾಟ್-ಅವರ್. ಅಂಗಳದ್ದು ಹನ್ನೊಂದು ಗಂಟೆ, 55. ಫ್ಯಾನು ಮಾಮೂಲಿದಾದ್ರೆ 75 ವ್ಯಾಟ್, 12 ವೋಲ್ಟಿನ ಬಿಎಲ್‌ಡಿಸಿ ಆದ್ರೆ 28. ಎಂಟು ಗಂಟೆಗೆ 224. ಮೊಬೈಲು, ರೇಡಿಯೋ ಸೇರಿ ಒಟ್ಟು 400. ಅಂದ್ರೆ ಆ ಪಂಪಿನ ಪ್ಯಾನೆಲ್ ಕೊಡೋದರಲ್ಲಿ ಐವತ್ತನೇ ಒಂದು ಭಾಗ.

ಇನ್ವರ್ಟರ್ ಇಡಲೇ ಇಲ್ಲ. ಸಣ್ಣ ಇನ್ವರ್ಟರ್ ಸುಮ್ನೆ ಆನ್ ಇದ್ರೂ 10-15 ವ್ಯಾಟ್ ತಿಂತಾ ಕೂರುತ್ತೆ. ದಿನಕ್ಕೆ ಲೆಕ್ಕ ಹಾಕಿ, ಅಪ್ಪ ಬಳಸೋದರ ಅರ್ಧಕ್ಕಿಂತ ಜಾಸ್ತಿ ಅದೇ ತಿನ್ನುತ್ತೆ. ಎಲ್ಲಾ ಡಿಸಿನೇ.

ಬ್ಯಾಟರಿ 12.8 ವೋಲ್ಟ್, 100 ಎಎಚ್, ಲಿಥಿಯಂ ಐರನ್ ಫಾಸ್ಫೇಟು. ಎಂಬತ್ತು ಪರ್ಸೆಂಟ್ ಬಳಸಿದ್ರೂ ಸಾವಿರದ ಮೇಲೆ ವ್ಯಾಟ್-ಅವರ್ ಸಿಗುತ್ತೆ, ಎರಡು ದಿನ ಮೋಡ ಇದ್ರೂ ಚಿಂತೆ ಇಲ್ಲ. ಟ್ಯೂಬುಲರ್ ಅಗ್ಗ, ಒಪ್ತೀನಿ. ಆದ್ರೆ ಅದಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕ್ಬೇಕು. ಹಾಕೋರು ಯಾರು? ಮುಗಿದಾಗ ಬೋರಿನ ಗಡಸು ನೀರೇ ಗತಿ, ಬ್ಯಾಟರಿಗೆ ತಿಥಿ. ಒಟ್ಟು ಖರ್ಚು ಸುಮಾರು 40 ಸಾವಿರ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಗೇ ಹೋಯ್ತು.

ತೆಂಗಿನ ತೋಟದಲ್ಲಿ ಇನ್ನೊಂದು ಪೀಕಲಾಟ ಇದೆ, ಇದನ್ನ ಯಾವ ವಿಡಿಯೋದಲ್ಲೂ ಹೇಳಲ್ಲ. ನೆರಳು! ಗರಿಯ ನೆರಳು ಗಡಿಯಾರದ ಮುಳ್ಳಿನ ಹಾಗೆ ಪ್ಯಾನೆಲ್ ಮೇಲೆ ಸುತ್ತುತ್ತೆ. ಸೆಲ್ಲುಗಳು ಒಂದರ ಹಿಂದೊಂದು ಜೋಡಿಸಿರೋದ್ರಿಂದ ನಾಲ್ಕು ಸೆಲ್ಲಿಗೆ ನೆರಳಾದ್ರೂ ಅರ್ಧ ಪ್ಯಾನೆಲ್ ಮಲಗಿಬಿಡುತ್ತೆ. ಜೊತೆಗೆ ಮೇಲಿಂದ ಕಾಯಿ, ಒಣ ಎಡೆಮಟ್ಟೆ. ಶೆಡ್ಡಿನ ತಗಡಿನ ಮೇಲೆ ಕೂರಿಸಿದ್ರೆ ಮುಗೀತು ಕತೆ. ಹಾಗಾಗಿ ಬೋರಿನ ಪಕ್ಕದ ಬಯಲಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ಹದಿನೈದು ಡಿಗ್ರಿ ಓರೆ. ಅಲ್ಲಿಂದ ಶೆಡ್ಡಿಗೆ ನಲವತ್ತು ಮೀಟರ್ ತಂತಿ. 100 ವ್ಯಾಟಿನ ಎರಡು ಪ್ಯಾನೆಲ್ ಪ್ಯಾರಲಲ್ ಹಾಕಿದ್ರೆ 10 ಆಂಪಿಯರ್, 4 ಚದರ ಮಿಲಿಮೀಟರ್ ತಂತಿಯಲ್ಲೇ ಸುಮಾರು 38 ವ್ಯಾಟ್ ಕರಗಿ ಹೋಗುತ್ತೆ. ಸೀರೀಸ್ ಹಾಕಿ ಎಂಪಿಪಿಟಿ ಕಂಟ್ರೋಲರ್ ಇಟ್ರೆ 5 ಆಂಪಿಯರ್, ನಷ್ಟ ಒಂಬತ್ತೂವರೆ. ಪಿಯುಸಿ ಫಿಸಿಕ್ಸು ಕೊನೆಗೂ ಕೆಲಸಕ್ಕೆ ಬಂತು ನೋಡಿ.

ಈಗ ನಡೀತಿದೆ, ಬಲ್ಬು ಉರೀತಿದೆ. ಆದ್ರೆ ಇದನ್ನ ಎಲ್ಲರೂ ಹೀಗೇ ಮಾಡ್ಕೊಳ್ಳಲಿ ಅನ್ನೋದು ನ್ಯಾಯವೇ? ಮಗ ಇಂಜಿನಿಯರ್ ಆಗಿ, ಕೈಯಲ್ಲಿ 40 ಸಾವಿರ ಇದ್ದು, ಎರಡು ವಾರಾಂತ್ಯ ಊರಿಗೆ ಬಂದು ತಂತಿ ಎಳೆದ್ರೆ ಮಾತ್ರ ತೋಟದಲ್ಲಿ ಬೆಳಕು ಅಂದ್ರೆ ಹೇಗೆ? ಹರೀಶ್ ಹಂದೆಯವರ ಸೆಲ್ಕೋ 1995ರಿಂದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಹಾಕ್ತಿದೆ, ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಬಂತು. ಅವರು ಬರೀ ಪ್ಯಾನೆಲ್ ಮಾರಲಿಲ್ಲ, ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿದ್ರು, ಕೆಟ್ಟಾಗ ಬರೋ ಹುಡುಗನನ್ನ ಹತ್ತಿರದಲ್ಲೇ ಇಟ್ರು.

ಸೌರ ಪಂಪಿನ ಜೊತೆಗೇ ಒಂದು ಬ್ಯಾಟರಿ, ನಾಲ್ಕು ದೀಪ ಸೇರಿಸಿ ಕೊಡಿ ಅನ್ನೋದು ನನ್ನ ವಾದ. ಪಂಪಿನ ರಿಪೇರಿಗೆ ಬರೋ ಮನುಷ್ಯನೇ ಇದನ್ನೂ ನೋಡ್ಕೊಂಡು ಹೋಗ್ತಾನೆ. ತಂತ್ರಜ್ಞಾನ ಇಲ್ಲ ಅನ್ನೋ ಹಾಗಿಲ್ಲ, ಪಂಪು ನಿಂತಾಗ ಅದೇ ಪ್ಯಾನೆಲ್ಲಿಂದ ಹಿಟ್ಟಿನ ಗಿರಣಿ, ಮೇವು ಕತ್ತರಿಸೋ ಮಷೀನು ನಡೆಸೋ ಯೂನಿವರ್ಸಲ್ ಕಂಟ್ರೋಲರಿಗೆ ಕೇಂದ್ರ ಸಚಿವಾಲಯವೇ ಮಾನದಂಡ ಮಾಡಿಟ್ಟಿದೆ. ಐದು ಎಚ್‌ಪಿ ಪಂಪಿನ ಬೆಲೆ ಮುಂದೆ ಇದೆಷ್ಟು ದೊಡ್ಡ ಖರ್ಚು ಹೇಳಿ?

ನಿಮ್ಮ ಕಡೆ ಯಾರಾದ್ರೂ ಈ ಯೂನಿವರ್ಸಲ್ ಕಂಟ್ರೋಲರ್ ಹಾಕ್ಸಿದಾರಾ? ಎಷ್ಟಾಯ್ತು, ಮಳೆಗಾಲದಲ್ಲಿ ಹೇಗೆ ನಡೀತು ಬರೀರಿ. ಚಿಕ್ಕಪ್ಪನ ಬೋರಿಗೂ ಅರ್ಜಿ ಹಾಕಿದೀವಿ.